ದೀಪದ ಪಟ್ಟು

ನೋವುಗನ್ನಡಿ ತನ್ನ ನೀಲಿ ಬೆಳಕನ್ನು ದ್ಯಾಮಪ್ಪ ಪೈಲ್ವಾನನ ಮೇಲೆ ಚೆಲ್ಲಿದ ಮೊದಲ ದಿನ, ದ್ಯಾಮಪ್ಪ ಅಂಗಾಲಿನಿಂದ ನೆತ್ತಿಯವರೆಗೆ ಹೊಳೆದುಬಿಟ್ಟ.

ಹೊಳೆಯಬೇಕಾಗಿದ್ದದ್ದು ಎಡಪಕ್ಕೆಯ ಮೇಲೆ ಮುಲಾಮು ಹಚ್ಚಿದ್ದ ಒಂದು ಪಟ್ಟಿ ಮಾತ್ರ. ಆದರೆ ಆಳೆತ್ತರದ ಗಾಜಿನ ಪರದೆಯಲ್ಲಿ ಕಂಡದ್ದು ಕಿವಿ, ಕುತ್ತಿಗೆ, ಹೆಗಲು, ತೊಡೆ, ಹಿಮ್ಮಡಿ ಎಲ್ಲವೂ ಹಳದಿ ಬೆರೆತ ಹಸಿರಿನಲ್ಲಿ ಬೆಳಗುತ್ತಿದ್ದ, ಅರವತ್ತು ದಾಟಿದ ಒಬ್ಬ ಭಾರಿ ಆಳು. ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿದ್ದ ಆ ಸಂಶೋಧನಾಲಯದಲ್ಲಿ ಅಂಥ ದೃಶ್ಯವನ್ನು ಯಾರೂ ಕಂಡಿರಲಿಲ್ಲ. ನಿರ್ದೇಶಕ ಡಾ. ಇನಾಮದಾರರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದರು.

"ಏನಿದು ಶಾಲ್ಮಲಾ! ಈ ಮನುಷ್ಯಾಗ ನೋವಿಲ್ಲದ ಜಾಗಾನ ಇಲ್ಲೇನು?"

ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ಶಾಲ್ಮಲಾ ಹೆಬಸೂರ ಪರದೆಯನ್ನು ನೋಡಿದಳು, ಪೈಲ್ವಾನನನ್ನು ನೋಡಿದಳು, ಕಡೆಗೆ ಹತ್ತಿರ ಬಂದು ಮೂಗು ಅರಳಿಸಿದಳು.

"ಉಸ್ತಾದರ, ನಿಮ್ಮ ಗರಡಿ ಮಣ್ಣಿಗೆ ಏನೇನು ಕಲಸ್ತೀರಿ?"

"ಎಣ್ಣಿ, ಮಜ್ಜಿಗಿ, ಲಿಂಬಿಹಣ್ಣಿನ ರಸ, ಮ್ಯಾಲ ಒಂದಿಷ್ಟು ಅರಿಷಿಣಪುಡಿರಿ," ಎಂದ ದ್ಯಾಮಪ್ಪ. "ಸಣ್ಣಾಂವ ಇದ್ದಾಗಿಂದ ಅದರಾಗ ಹೊಳ್ಳಾಡೇನಿ. ಈಗ ಕುಸ್ತಿ ಹಿಡಿಯಾಕ ಆಗೂದಿಲ್ಲ. ಆದ್ರೂ ಮುಂಜಾನೆ ಮೈಗೆ ಮಣ್ಣು ಹಚ್ಚದಿದ್ರ ಉಂಡ ಅನ್ನ ಇಳಿಯೂದಿಲ್ರಿ."

ಶಾಲ್ಮಲಾ ಪಕಪಕ ನಕ್ಕಳು. ಅರಿಷಿಣಕ್ಕೆ ನೀಲಿ ಬೆಳಕಿನಲ್ಲಿ ತಾನಾಗಿಯೇ ಹೊಳೆಯುವ ಗುಣವಿದೆ. ನೋವು ಯಾವುದು, ಅರಿಷಿಣ ಯಾವುದು ಎಂದು ತಿಳಿಯುವಷ್ಟು ಬುದ್ಧಿಯನ್ನು ಆ ಕನ್ನಡಿಗೆ ಇನ್ನೂ ಯಾರೂ ಕಲಿಸಿರಲಿಲ್ಲ. ಇನಾಮದಾರರು ಮುಖ ಸಣ್ಣದು ಮಾಡಿಕೊಂಡು, ಆರಿದ ಚಹಾದೊಂದಿಗೆ ಕೋಣೆಗೆ ಮರಳಿದರು. ಪರೀಕ್ಷೆ ಮುಗಿಯುವವರೆಗೆ ಗರಡಿಯ ಮಣ್ಣು ಮುಟ್ಟಕೂಡದೆಂದು ದ್ಯಾಮಪ್ಪನಿಗೆ ಅಪ್ಪಣೆಯಾಯಿತು.

"ಇನ್ನ, ನೋವಿಗೆ ಹತ್ತರಾಗ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಎಂದು ಶಾಲ್ಮಲಾ ಕೇಳಿದಳು.

"ಸೊನ್ನಿ."

"ಸೊನ್ನೀನ? ಹಂಗಾರ ಇಲ್ಲಿಗ್ಯಾಕ ಬಂದೀರಿ?"

"ಹೆಂಡ್ತಿ ಕರಕೊಂಡು ಬಂದಾಳ್ರಿ."

ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಸಾವಂತ್ರವ್ವ ಇಷ್ಟು ಹೊತ್ತು ತಡೆದದ್ದೇ ಹೆಚ್ಚು. "ಸುಳ್ಳು ಹೇಳ್ತಾರವ್ವಾ! ಅಂಗಿ ತೊಟ್ಟು ಆರು ತಿಂಗಳಾತು. ಫ್ಯಾನಿನ ಗಾಳಿ ಬಡದ್ರ ಹಲ್ಲು ಕಚ್ಚತಾರ. ಕುಂತs ನಿದ್ದಿ ಮಾಡ್ತಾರ. ಕೇಳಿದ್ರ, ಆರಾಮ ಅದೀನಿ ಅಂತಾರ," ಎಂದು ಕೈಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಬಲಗೈಗೆ ಬಂತು.

ಶಾಲ್ಮಲಾ ನಿಟ್ಟುಸಿರು ಬಿಟ್ಟಳು. ನಿಯಮದ ಪ್ರಕಾರ ರೋಗಿಯ ಬಾಯಿಂದ ಬಂದ ಅಂಕವೇ ಅಂಕ. ದ್ಯಾಮಪ್ಪನ ಹೆಸರಿನ ಮುಂದೆ ಸೊನ್ನೆ ಬಿತ್ತು.

ಸಂಗತಿ ಇಷ್ಟೇ. ನಮ್ಮ ಜೀವಕೋಶಗಳ ಹೊರಗೋಡೆಯಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಬಾಗಿಲುಗಳಿವೆ. ಇವಕ್ಕೆ ಗ್ರಾಹಕಗಳೆಂದು ಹೆಸರು. ಒಂದೊಂದು ಬಾಗಿಲಿಗೂ ಒಪ್ಪುವ ಅಣು ಬೇರೆ. ಬಂದು ಕಚ್ಚಿಕೊಳ್ಳುವ ಆ ಅಣುವನ್ನು ಬಂಧಕ ಎನ್ನುತ್ತಾರೆ. ಮೆಣಸಿನಕಾಯಿ ಕಚ್ಚಿದಾಗ ಬಾಯಲ್ಲಿ ಬೆಂಕಿಯೇನೂ ಬೀಳುವುದಿಲ್ಲ. ಖಾರದ ಅಣು ಹೋಗಿ ಉರಿಗ್ರಾಹಕವೆಂಬ ಬಾಗಿಲನ್ನು ತೆರೆಯುತ್ತದೆ, ನರ ಬೆಂಕಿ ಬಿತ್ತೆಂದು ಬೊಬ್ಬೆ ಹೊಡೆಯುತ್ತದೆ. ಸರ್ಪಸುತ್ತು ಬಂದು ಹೋದ ಕೆಲವರಲ್ಲಿ ಗುಳ್ಳೆಗಳೆಲ್ಲ ಮಾಗಿದ ಮೇಲೂ ಒಳಗಿನ ನರ ಸುಮ್ಮನಾಗುವುದಿಲ್ಲ. ಅದು ಉರಿಗ್ರಾಹಕಗಳನ್ನು ಬೇಕಾಬಿಟ್ಟಿ ಬೆಳೆಸಿಕೊಂಡು, ಬಟ್ಟೆ ಸೋಕಿದರೂ ಬೆಂಕಿ, ಗಾಳಿ ಸೋಕಿದರೂ ಬೆಂಕಿ ಎನ್ನುತ್ತದೆ. ಹೊರಗಿನ ಚರ್ಮ ಮಾತ್ರ ನುಣ್ಣಗೆ ಇರುತ್ತದೆ. ಹುಣ್ಣಿಲ್ಲ, ಬಾವಿಲ್ಲ, ನೋಡಿದವರು ನಂಬುವುದಿಲ್ಲ.

ದ್ಯಾಮಪ್ಪನನ್ನೂ ಯಾರೂ ನಂಬಿರಲಿಲ್ಲ. ಹಾವೇರಿಯಿಂದ ಬೆಳಗಾವಿಯವರೆಗೆ ಒಂದು ಕಾಲಕ್ಕೆ ಎದುರಾಳಿಗಳನ್ನು ಚಿತ್ ಮಾಡಿದ್ದ ಆಸಾಮಿ ಅಂಗಿಗೆ ಹೆದರಿ ಬರಿಮೈಯಲ್ಲಿ ತಿರುಗುವುದೆಂದರೇನು? "ಪೈಲ್ವಾನಗ ಅಂಗಿ ಭಾರ ಆಗೇತಂತ," ಎಂದು ಚಹಾದಂಗಡಿಯಲ್ಲಿ ನಗುತ್ತಿದ್ದರು. ವಯಸ್ಸಾಯಿತು, ಹುಡುಗರ ಕೈಯಲ್ಲಿ ಬೀಳುವ ಹೆದರಿಕೆಗೆ ಈ ನಾಟಕ ಎಂದವರೂ ಇದ್ದರು. ನಗುವವರನ್ನು ದ್ಯಾಮಪ್ಪ ಲೆಕ್ಕಕ್ಕಿಟ್ಟಿರಲಿಲ್ಲ. ಆದರೆ ಕುಸ್ತಿಯನ್ನು ಬಾಯಿಂದ ಹೇಳಿ ಕಲಿಸಲು ಬರುವುದಿಲ್ಲ. ಉಸ್ತಾದನ ಪಕ್ಕೆಗೆ ತೋಳು ಸುತ್ತಿ, ಅವನ ಭಾರವನ್ನು ತನ್ನ ಸೊಂಟದ ಮೇಲೆ ಎಳೆದುಕೊಂಡಾಗಲೇ ಹುಡುಗನಿಗೆ ಪಟ್ಟು ತಿಳಿಯುವುದು. ಮುಟ್ಟಿಸಿಕೊಳ್ಳಲಾರದ ಉಸ್ತಾದನ ಗರಡಿಯಿಂದ ಶಿಷ್ಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು. ಅಪ್ಪನ ಕಾಲದ ಗರಡಿ ತನ್ನ ಕಾಲಕ್ಕೆ ಬೀಗ ಬೀಳುತ್ತದೆಂಬ ಸಂಕಟ ಪಕ್ಕೆಯ ಉರಿಗಿಂತ ಹೆಚ್ಚು ಸುಡುತ್ತಿತ್ತು. ಆ ಸಂಕಟವೇ ಅವನನ್ನು ಹೆಂಡತಿಯ ಹಿಂದೆ ಇಲ್ಲಿಯವರೆಗೆ ತಂದಿತ್ತು.

ಮಾರನೆಯ ವಾರ, ಅರಿಷಿಣ ತೊಳೆದುಹೋದ ಮೇಲೆ, ಶಾಲ್ಮಲಾ ಅವನ ಪಕ್ಕೆಗೆ ಮೆತ್ತನೆಯ ಕುಂಚದಿಂದ ಮತ್ತೆ ಆ ಮುಲಾಮು ಹಚ್ಚಿದಳು. ದ್ಯಾಮಪ್ಪ ಹಲ್ಲು ಕಚ್ಚಿ ಸೂರು ನೋಡುತ್ತ ನಿಂತ. ಆಮೇಲೆ ನೀಲಿ ಬೆಳಕು ಬಿತ್ತು. ಈ ಸಲ ಪರದೆಯಲ್ಲಿ ಮೈಯೆಲ್ಲ ಕತ್ತಲೆ. ಬೆನ್ನುಮೂಳೆಯಿಂದ ಎದೆಯವರೆಗೆ ಎಡಪಕ್ಕೆಯನ್ನು ಬಳಸಿ ಬಂದ ಅಗಲವಾದ ಪಟ್ಟಿಯೊಂದು ಮಾತ್ರ ಹಸಿರಾಗಿ ಬೆಳಗಿತು.

ದ್ಯಾಮಪ್ಪ ಅದನ್ನು ಬಹಳ ಹೊತ್ತು ನೋಡಿದ. ಆರು ತಿಂಗಳು ಯಾರಿಗೂ ತೋರಿಸಲಾಗದೆ ಒಳಗೆ ಹೊತ್ತು ತಿರುಗಿದ್ದು ಎದುರಿಗೆ ನಿಂತಿತ್ತು.

"ಇದs ಏನ್ರಿ ಡಾಕ್ಟರವ್ವಾ?"

"ಇದs ರೀ. ಇಷ್ಟು ಉರಿಗ್ರಾಹಕ ಅದಾವ ನಿಮ್ಮ ಪಕ್ಕಿಯೊಳಗ. ನಾ ಹಚ್ಚಿದ ಮುಲಾಮಿನಾಗ ದೀಪಬಂಧಕ ಅಂತ ಐತಿ. ಅದರ ತಲಿ ಗ್ರಾಹಕಕ್ಕ ಕಚ್ಚಿಕೊಳ್ತದ, ಬಾಲದಾಗ ದೀಪ ಇರ್ತದ. ಎಲ್ಲೆ ಕಚ್ಚಿಕೊಳ್ತದೋ ಅಲ್ಲೆ ಬೆಳಕು."

"ಗ್ರಾಹಕಕ್ಕ ಕಚ್ಚಿದ್ರ ಮೆಣಸಿನಕಾಯಿ ಹಂಗ ಉರಿ ಏಳತದ ಅಂತ ನೀವs ಹೇಳಿದ್ರೆಲ್ರಿ?"

"ಇದು ಬ್ಯಾಡಗಿ ಮೆಣಸಿನಕಾಯಿ ಅಂತ ತಿಳೀರಿ ಉಸ್ತಾದರ. ಬಣ್ಣ ಭಾಳ, ಖಾರ ಕಡಿಮಿ. ಸುಮ್ಮನ ಕೂತು ಬೆಳಕು ತೋರಿಸ್ತದ, ಅಷ್ಟs ಅದರ ಕೆಲಸ. ಔಷಧ ಬ್ಯಾರೆ. ನಿಮಗ ದಿನಾ ಒಂದು ಗುಳಿಗಿ ಕೊಡ್ತೀವಲ್ಲ, ಅದು ರಕ್ತದಾಗ ಬಂದು ಈ ದೀಪಾನ ಎಬ್ಬಿಸಿ, ತಾ ಆ ಜಾಗಾ ಹಿಡೀಬೇಕು. ಹಿಡೀತು ಅಂದ್ರ ದೀಪ ಆರ್ತದ. ದೀಪ ಆರಿದ್ರ ನಾವು ಗೆದ್ದಂಗ."

ದ್ಯಾಮಪ್ಪನಿಗೆ ತಟ್ಟನೆ ತಿಳಿಯಿತು. "ಅಂದ್ರ ನನ್ನ ಪಕ್ಕಿಯೊಳಗ ಕುಸ್ತಿ ನಡದೇತಿ ಅನ್ರಿ. ದೀಪಪ್ಪ ಮೊದ್ಲs ಪಟ್ಟು ಹಾಕಿ ಕುಂತಾನ. ಗುಳಿಗೆಪ್ಪ ಬಂದು ಅವನ್ನ ಕೆಡವಬೇಕು."

"ಬರೋಬ್ಬರಿ!" ಎಂದು ಶಾಲ್ಮಲಾ ಚಪ್ಪಾಳೆ ತಟ್ಟಿದಳು. "ಅರ್ಧ ಮಂದಿಗೆ ಖರೇ ಗುಳಿಗಿ, ಅರ್ಧ ಮಂದಿಗೆ ಬರೀ ಹಿಟ್ಟಿನ ಗುಳಿಗಿ. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ಲ. ಕಡೀಗೆ ತಗದು ನೋಡ್ತೀವಿ."

ಹೀಗೆ ಕುಸ್ತಿ ಶುರುವಾಯಿತು. ದ್ಯಾಮಪ್ಪನಂತೆಯೇ ಸರ್ಪಸುತ್ತಿನ ಉರಿ ಹೊತ್ತ ಇನ್ನೂ ಹಲವರು ಆ ಪರೀಕ್ಷೆಯಲ್ಲಿದ್ದರು. ಎಲ್ಲರಿಗೂ ಡಬ್ಬಿಯಲ್ಲಿ ಮುಲಾಮು ಕೊಟ್ಟು, ಮನೆಯಲ್ಲಿ ದಿನಾ ಹಚ್ಚಿಕೊಳ್ಳಲು ಹೇಳಿದ್ದರು. ವಾರಕ್ಕೊಮ್ಮೆ ಬಂದು ಕನ್ನಡಿಯ ಮುಂದೆ ನಿಲ್ಲಬೇಕು. ಬಾಗಿಲಲ್ಲಿ ಯಾರಾದರೊಬ್ಬರು "ಆರಾಮ ಅದೀರೇನ್ರೀ?" ಎನ್ನುತ್ತಿದ್ದರು. ಬಂದವರು "ಆರಾಮ ಅದೀನ್ರಿ" ಎನ್ನುತ್ತಿದ್ದರು. ಮಾರ್ಕ್ಸ್ ಕೇಳಿದರೂ ಮೊದಲ ದಿನದಿಂದಲೇ ಯಾರೂ ಒಂದು ಎರಡರ ಮೇಲೆ ಹೋಗುತ್ತಿರಲಿಲ್ಲ. ನಮ್ಮ ಕಡೆ ಇದಕ್ಕೆ ಬೇರೆ ಉತ್ತರವಿಲ್ಲ. ಮನೆಗೆ ಬೆಂಕಿ ಬಿದ್ದವನನ್ನು ಕೇಳಿದರೂ, ಮೊದಲು ಆರಾಮ ಅದೀನಿ ಅಂದು, ನೀವು ಹೆಂಗದೀರಿ ಅಂದು, ಆಮೇಲೆ ಒಂದು ಕೊಡ ನೀರು ಬೇಕಾಗಿತ್ತು ಅನ್ನುತ್ತಾನೆ.

ಕೆಲವು ವಾರ ಕಳೆದ ಮೇಲೆ ಒಂದು ಮುಂಜಾನೆ ದ್ಯಾಮಪ್ಪನಿಗೆ ಎಚ್ಚರವಾದಾಗ ಏನೋ ಬದಲಾದಂತೆ ತೋರಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಮಲಗಿದ್ದ. ಅದೂ ಎಡಮಗ್ಗುಲಿಗೆ. ಗಾಬರಿಯಿಂದ ಎದ್ದು ಕೂತು, ಪಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಿದ, ಅಂಗೈಯಿಂದ ಒತ್ತಿದ, ಕಡೆಗೆ ಒಂದು ಏಟು ಬಿಗಿದ. ಏಟು ಏಟಿನಂತೆಯೇ ತಾಗಿತು, ಬೆಂಕಿ ಏಳಲಿಲ್ಲ. ಗೂಟಕ್ಕೆ ನೇತುಹಾಕಿದ್ದ ಬಿಳಿ ಅಂಗಿಯನ್ನು ಕೊಡವಿ ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತ. ರೊಟ್ಟಿ ಬಡಿಯುತ್ತಿದ್ದ ಸಾವಂತ್ರವ್ವ ತಲೆಯೆತ್ತಿ ನೋಡಿದಳು. ಹಿಟ್ಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಗಂಡನ ಬಾಯಿಗೆ ಹಾಕಿದಳು.

ಆ ವಾರ ಅವನು ಸಂಶೋಧನಾಲಯಕ್ಕೆ ಅಂಗಿ ತೊಟ್ಟೇ ಹೋದ. ಆದರೆ ಹೊರಗಿನ ಕೋಣೆಯಲ್ಲಿ ಬಟ್ಟೆ ಕಳಚಿಟ್ಟು ಒಳಗೆ ಹೋಗುವುದು ಅಲ್ಲಿನ ಕ್ರಮ. ಹೀಗಾಗಿ ಶಾಲ್ಮಲಾ ಕಂಡದ್ದು ಎಂದಿನ ಬರಿಮೈಯನ್ನೇ.

"ಆರಾಮ ಅದೀರೇನ್ರೀ ಉಸ್ತಾದರ?"

"ಭಾಳ ಆರಾಮ ಅದೀನ್ರಿ!" ಎಂದ ದ್ಯಾಮಪ್ಪ, ಮುಖ ಅರಳಿಸಿ.

"ಚಲೋ ಆತು. ಮಾರ್ಕ್ಸ್?"

"ಸೊನ್ನಿ! ಖರೇನ ಸೊನ್ನಿರಿ!"

ಶಾಲ್ಮಲಾ ಪರದೆಯಿಂದ ಕಣ್ಣು ಕೀಳದೆ ಸೊನ್ನೆ ಬರೆದುಕೊಂಡಳು. ಪರದೆಯಲ್ಲಿ ಹಸಿರು ಪಟ್ಟಿ ಎಂದಿನಂತೆ ಬೆಳಗುತ್ತಿತ್ತು. ಒಂದಿಷ್ಟು ಮಂಕಾಗಿದ್ದರೆ ಸಾಕಿತ್ತು, ಅವಳು ಕುಣಿದಾಡಿಬಿಡುತ್ತಿದ್ದಳು. ಆದರೆ ಅದು ಮೊದಲಿನಷ್ಟೇ ಪ್ರಖರವಾಗಿತ್ತು.

ದೀಪ ಆರಲಿಲ್ಲ. ದ್ಯಾಮಪ್ಪನದೂ ಆರಲಿಲ್ಲ, ಉಳಿದವರದೂ ಆರಲಿಲ್ಲ. ಗುಳಿಗೆಪ್ಪ ದಿನಾ ಬಂದು ಸೋತು ಹೋಗುತ್ತಿದ್ದ. ಕಡೆಗೊಂದು ದಿನ ಶಾಲ್ಮಲಾ ದ್ಯಾಮಪ್ಪನನ್ನು ಕನ್ನಡಿಯ ಮುಂದಿನಿಂದ ಬರಿಮೈಯಲ್ಲೇ ಕರೆತಂದು ತನ್ನ ಮೇಜಿನ ಎದುರು ಕೂರಿಸಿದಳು. ಪಕ್ಕದಲ್ಲಿ ಇನಾಮದಾರರು ಕೈಕಟ್ಟಿ ನಿಂತಿದ್ದರು. ಅವಳ ಕಣ್ಣು ಕೆಂಪಾಗಿತ್ತು.

"ಉಸ್ತಾದರ, ಪರೀಕ್ಷಾ ಮುಗೀತ್ರಿ. ಔಷಧ ಕೆಲಸ ಮಾಡ್ಲಿಲ್ಲ. ಇವತ್ತಿನಿಂದ ಗುಳಿಗೀನೂ ಇಲ್ಲ, ಮುಲಾಮೂ ಇಲ್ಲ. ನಿಮಗ ಸುಮ್ಮನ ತ್ರಾಸ ಕೊಟ್ಟಂಗಾತು. ತಪ್ಪು ತಿಳೀಬ್ಯಾಡ್ರಿ."

ದ್ಯಾಮಪ್ಪ ಕುರ್ಚಿಯ ಅಂಚಿಗೆ ಸರಿದ. "ಕೆಲಸ ಮಾಡ್ಲಿಲ್ಲ ಅಂದ್ರ ಹೆಂಗ್ರಿ? ನಾ ಆರಾಮ ಅದೀನಲ್ರಿ!"

"ನೀವು ಮೊದಲ ದಿನಾನೂ ಹಂಗs ಅಂದಿದ್ರಿ," ಎಂದಳು ಶಾಲ್ಮಲಾ, ಮೆಲ್ಲಗೆ.

ಮೊದಲ ದಿನವೂ ಸೊನ್ನೆ, ಕಡೆಯ ದಿನವೂ ಸೊನ್ನೆ. ಎರಡು ಸೊನ್ನೆಗಳ ನಡುವೆ ಏನಾಯಿತೆಂದು ಯಾರಿಗೆ ಹೇಳುವುದು? ನೋವಿದ್ದಾಗ ಇಲ್ಲವೆಂದದ್ದಕ್ಕೆ, ಇಲ್ಲದಾಗ ಇಲ್ಲವೆಂದರೂ ನಂಬುವವರಿಲ್ಲ. ಊರವರಿಗೆ ನೋವನ್ನು ನಂಬಿಸಲಾಗಲಿಲ್ಲ, ಇವರಿಗೆ ಸುಖವನ್ನು ನಂಬಿಸಲಾಗುತ್ತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ತನ್ನನ್ನೇ ಬೈದುಕೊಂಡ. ಆದರೆ ಮುಲಾಮು ಗುಳಿಗೆ ಎಲ್ಲ ಗಟಾರಕ್ಕೆ ಹೋಗಿ, ಇನ್ನೊಂದು ವಾರಕ್ಕೆ ಮತ್ತೆ ಆ ಬೆಂಕಿ ಎದ್ದರೆ? ಮಾತಿನಲ್ಲಿ ಸೋತ ಪೈಲ್ವಾನನಿಗೆ ತನಗೆ ಬರುವ ವಿದ್ಯೆ ನೆನಪಾಯಿತು.

ಅವನು ಎದ್ದು ನಿಂತು ತೊಡೆ ತಟ್ಟಿದ. ಆ ಸಪ್ಪಳಕ್ಕೆ ಕಿಟಕಿಯ ಗಾಜು ನಡುಗಿತು.

"ಇನಾಮದಾರ ಸಾಹೇಬರ, ಬರ್ರಿ. ನನ್ನ ಎಡಪಕ್ಕಿಗೆ ತೋಳ ಹಾಕಿ ಬಿಗೀರಿ."

"ಏ, ಏನಂತೀರಿ! ಮುಟ್ಟಿದ್ರ ನಿಮಗ..."

"ಅದನ್ನs ನೋಡೂಣಂತ. ಸಾಹೇಬರಿಗೆ ಮೈಯಾಗ ಕಸುವಿಲ್ಲೇನು?"

ಇನಾಮದಾರರು ದಪ್ಪ ಮೈಯವರು. ಕಸುವಿನ ಮಾತು ಬಂದ ಮೇಲೆ ಹಿಂದೆಗೆಯುವುದು ಅವರ ಮನೆತನದಲ್ಲೇ ಇರಲಿಲ್ಲ. ಕನ್ನಡಕ ತೆಗೆದು ಶಾಲ್ಮಲಾಳ ಕೈಗೆ ಕೊಟ್ಟು, ಹೆದರುತ್ತ ಹೆದರುತ್ತ ಎರಡೂ ತೋಳುಗಳನ್ನು ಪೈಲ್ವಾನನ ಪಕ್ಕೆಗೆ ಸುತ್ತಿದರು.

"ಇದೇನು, ಕೂಸಿನ ಎತ್ತಿಕೊಂಡಂಗ! ಬಿಗೀರಿ!"

ಇನಾಮದಾರರು ಬಿಗಿದರು. ಮುಖ ಕೆಂಪಾಗುವಂತೆ ಬಿಗಿದರು. ದ್ಯಾಮಪ್ಪ ಮೀಸೆಯಡಿಯಲ್ಲಿ ನಗುತ್ತ ಒಂದು ಕ್ಷಣ ನಿಂತಿದ್ದು, ಆಮೇಲೆ ಸೊಂಟ ತಿರುಗಿಸಿ ಸಾಹೇಬರನ್ನು ಹೂವಿನಂತೆ ಎತ್ತಿ, ಮೇಜಿನ ಮೇಲೆ ಕೂರಿಸಿದ. ಸಂಶೋಧನಾಲಯದ ಮಂದಿಯೆಲ್ಲ ಬಾಗಿಲಲ್ಲಿ ನೆರೆದಿದ್ದರು. ಆಮೇಲೆ ಎದ್ದ ಕೇಕೆ ಕೆಲಗೇರಿ ಕೆರೆಯ ಆಚೆದಂಡೆಗೂ ಕೇಳಿಸಿರಬೇಕು.

"ನೋವಿಲ್ಲಾ?" ಎಂದಳು ಶಾಲ್ಮಲಾ, ಸಾಹೇಬರ ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡೇ.

"ತಿಂಗಳಾತ್ರಿ ಹೇಳಾಕತ್ತು! ಅಂಗಿ ತೊಡತೇನಿ, ಮಗ್ಗಲಾಗತೇನಿ. ಮೊದಲ ದಿನ ಸುಳ್ಳು ಹೇಳಿದ್ನಿ ಡಾಕ್ಟರವ್ವಾ, ಅವತ್ತು ಹತ್ತಕ್ಕ ಹನ್ನೆರಡು ಇತ್ತು. ಇವತ್ತಿಂದು ಖರೇ ಸೊನ್ನಿ."

"ನೋಡಿದಿ? ನಮ್ಮ ಗುಳಿಗಿ ಗೆದ್ದೈತಿ!" ಎಂದು ಮೇಜಿನ ಮೇಲಿಂದಲೇ ಘೋಷಿಸಿದರು ಇನಾಮದಾರರು. ಶಾಲ್ಮಲಾ ಓಡಿಹೋಗಿ ಗುಟ್ಟಾಗಿಟ್ಟಿದ್ದ ಲೆಕ್ಕ ತೆಗೆಸಿದಳು. ಮರಳಿ ಬಂದಾಗ ಅವಳ ಮುಖ ನೋಡುವಂತಿತ್ತು.

"ಸರ್, ಉಸ್ತಾದರಿಗೆ ಕೊಟ್ಟದ್ದು ಹಿಟ್ಟಿನ ಗುಳಿಗಿ."

ಗುಳಿಗೆಯಲ್ಲಿ ಔಷಧವಿಲ್ಲ. ಹಾಗಿದ್ದರೆ ಪೈಲ್ವಾನನನ್ನು ಗೆಲ್ಲಿಸಿದವರು ಯಾರು?

ಶಾಲ್ಮಲಾ ಫೋನು ಕೈಗೆತ್ತಿಕೊಂಡಳು. ಆರಾಮ ಇದ್ದೀರಾ ಎಂದು ಕೇಳುವ ತಪ್ಪನ್ನು ಅವಳು ಮತ್ತೆ ಮಾಡಲಿಲ್ಲ. ಪರೀಕ್ಷೆಯಲ್ಲಿದ್ದ ಒಬ್ಬೊಬ್ಬರಿಗೂ ಕರೆ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ನೋವಿನ ಸಲುವಾಗಿ ಏನು ಮಾಡೂದು ಬಿಟ್ಟಿದ್ರಿ? ಈಗ ಅದನ್ನ ಮಾಡಾಕತ್ತೀರೇನು?" ಹಣೆಯ ಮೇಲೆ ಸರ್ಪಸುತ್ತಾಗಿದ್ದ ಖೈರುನ್ನಿಸಾ ಅಕ್ಕೋರು, ನಿವೃತ್ತ ಶಿಕ್ಷಕಿ, ತಲೆ ಬಾಚುವುದನ್ನು ಬಿಟ್ಟಿದ್ದರು, ಈಗ ಹೆರಳು ಹಾಕಿಕೊಳ್ಳುತ್ತಿದ್ದರಂತೆ. ಒಬ್ಬರು ಸ್ಕೂಟರ್ ಹತ್ತುತ್ತಿದ್ದರು. ಇನ್ನೊಬ್ಬರು ಮೊಮ್ಮಗಳನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದರು. "ಮತ್ತ ಹೇಳ್ಲಿಲ್ಲ ಯಾಕ್ರಿ?" ಎಂದು ಶಾಲ್ಮಲಾ ಕೇಳಿದಾಗ ಎಲ್ಲರ ಉತ್ತರವೂ ಒಂದೇ: "ಹೇಳಿದ್ವೆಲ್ರಿ, ಆರಾಮ ಅದೀವಿ ಅಂತ!" ಖರೇ ಗುಳಿಗೆ ನುಂಗಿದವರೂ ಆರಾಮ, ಹಿಟ್ಟಿನ ಗುಳಿಗೆ ನುಂಗಿದವರೂ ಆರಾಮ. ಎಲ್ಲರಿಗೂ ಸಮಾನವಾಗಿ ದಕ್ಕಿದ್ದು ಮುಲಾಮೊಂದೇ.

ಶಾಲ್ಮಲಾ ಫೋನಿಟ್ಟು ದ್ಯಾಮಪ್ಪನ ಎದುರಿಗೆ ಕುಳಿತಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

"ದೀಪ ರೀ, ಉಸ್ತಾದರ. ದೀಪಾನ ಔಷಧ. ಸುಮ್ಮನ ಕೂತು ಬೆಳಕು ತೋರಸಲಿ ಅಂತ ನಾ ಮಾಡಿದ್ದು, ಬಾಗಿಲಿಗೆ ಅಡ್ಡ ಕೂತುಬಿಟ್ಟದ. ಆ ಬಾಗಿಲು ತೆರಿಯೂದs ಇಲ್ಲ, ನರ ಕೂಗೂದs ಇಲ್ಲ. ನಮ್ಮ ಗುಳಿಗಿ ಅದನ್ನ ಎಬ್ಬಸಲಿ ಅಂತ ನಾವು ಕಾಯಾಕತ್ತಿದ್ವಿ. ಅದು ಏಳದs ಇದ್ದದ್ದು ನಮ್ಮ ಪುಣ್ಯ!"

"ಅಂದ್ರ, ದೀಪ ಆರಿದ್ರ ಗೆದ್ದಂಗ ಅಂದಿದ್ರಲ್ಲ..."

"ಆರಲಾರದ್ದಕ್ಕs ಗೆದ್ದೀವಿ."

ದ್ಯಾಮಪ್ಪ ತನ್ನ ಪಕ್ಕೆಯನ್ನು ತಟ್ಟಿಕೊಂಡ. "ಶಭಾಶ್ ದೀಪಪ್ಪಾ," ಎಂದ. "ಪಟ್ಟು ಅಂದ್ರ ಹಿಂಗಿರಬೇಕು."

ಮುಂದಿನದನ್ನು ಲೋಕವೇ ಬಲ್ಲದು. ಇದು ಬರೀ ನಂಬಿಕೆಯ ಫಲವಿರಬಹುದೆಂದು ಮೂಗು ಮುರಿದವರಿಗಾಗಿ, ದೀಪವಿಲ್ಲದ ಸಾದಾ ಮುಲಾಮನ್ನೂ ದೀಪದ ಮುಲಾಮನ್ನೂ ಬೇರೆ ಬೇರೆ ಊರುಗಳಲ್ಲಿ ಕೊಟ್ಟು ನೋಡಿದರು. ಸಾದಾ ಮುಲಾಮು ಸೋತಿತು. ಸರ್ಪಸುತ್ತಿನ ಉರಿಗೆ, ಸಂಧಿವಾತಕ್ಕೆ, ಹಳೆಯ ಪೆಟ್ಟುಗಳಿಗೆ, ಹೆಸರಿಲ್ಲದ ನೂರು ನೋವುಗಳಿಗೆ ದೀಪದ ಮುಲಾಮು ಬಂತು. ಔಷಧ ಹುಡುಕಲು ಹಿಡಿದ ದೀಪವೇ ಔಷಧವಾದ ಕಥೆಯನ್ನು ಹಲವು ದೇಶಗಳ ವಿಜ್ಞಾನಿಗಳು ಕೆಲಗೇರಿಗೆ ಬಂದು ಕೇಳಿಕೊಂಡು ಹೋದರು. ಬಂದವರಿಗೆಲ್ಲ ಇನಾಮದಾರರು ತಾವು ಕೂತ ಮೇಜನ್ನು ತೋರಿಸುತ್ತಿದ್ದರು.

ಒಂದೇ ಒಂದು ತಕರಾರು ಉಳಿಯಿತು. ಆ ದೀಪಕ್ಕೆ ಹಗಲಿನ ಬೆಳಕನ್ನು ಕುಡಿದು ಕತ್ತಲೆಯಲ್ಲಿ ಮೆಲ್ಲಗೆ ಬಿಟ್ಟುಕೊಡುವ ಗುಣವಿತ್ತು. ಮುಲಾಮು ಹಚ್ಚಿಕೊಂಡ ಜಾಗ ಕತ್ತಲಾದರೆ ನಸುಹಸಿರಾಗಿ ಹೊಳೆಯುತ್ತಿತ್ತು. ಅದೂ ಎಲ್ಲಿ ನೋವಿತ್ತೋ ಅಲ್ಲಿ ಮಾತ್ರ. ನೋವಿಲ್ಲದ ಕಡೆ ಹಚ್ಚಿದರೆ ತೊಳೆದುಹೋಗುತ್ತಿತ್ತು. ತಯಾರಿಸುವ ಕಂಪನಿಯವರು ಗಿರಾಕಿಗಳು ನಾಚಿಕೊಳ್ಳುತ್ತಾರೆಂದು ಬಾಲದ ದೀಪವನ್ನು ಕತ್ತರಿಸಿ ನೋಡಿದರು. ಕತ್ತರಿಸಿದ ಬಂಧಕ ಗಳಿಗೆಯಲ್ಲಿ ಜಾರಿಬಿತ್ತು. ಗ್ರಾಹಕದ ಹೊಸ್ತಿಲಿಗೆ ಸಿಕ್ಕಿಕೊಂಡು ಪಟ್ಟನ್ನು ಭದ್ರಪಡಿಸುತ್ತಿದ್ದುದೇ ಆ ಬಾಲ. ಬೆಳಕು ಬೇಡವೆಂದರೆ ಗುಣವೂ ಇಲ್ಲ. ಹೊಳೆದರೆ ಹೊಳೆಯಲಿ ಬಿಡಿ, ಬಟ್ಟೆಯೊಳಗೆ ಯಾರು ನೋಡುತ್ತಾರೆ ಎಂದು ಎಲ್ಲರೂ ಸುಮ್ಮನಾದರು.

ದ್ಯಾಮಪ್ಪನ ಗರಡಿ ಮತ್ತೆ ತುಂಬಿತು. ಅವನಿಗೆ ಈಗ ದಿನಾ ಎರಡು ಹೊತ್ತು ಮಣ್ಣು, ಶಿಷ್ಯರ ಭಾರ, ಬೆನ್ನ ಮೇಲೆ ಏಟು, ಎಲ್ಲವೂ ಹಬ್ಬ. ಕುಂದೆಂದರೆ ಒಂದೇ: ಮುಲಾಮಿನ ಡಬ್ಬಿ ಬೇಗ ಬೇಗ ಮುಗಿದುಹೋಗುತ್ತಿತ್ತು. "ಈ ಕಂಪನಿಯವರು ಕಡಿಮಿ ತುಂಬತಾರ ನೋಡು," ಎಂದು ಹೆಂಡತಿಯ ಮುಂದೆ ಗೊಣಗುತ್ತಿದ್ದ. ಸಾವಂತ್ರವ್ವ "ಹೂಂ" ಅನ್ನುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಊರವರು ಒಂದು ದೊಡ್ಡ ಕುಸ್ತಿ ಇಟ್ಟರು, ಅದರಲ್ಲಿ ದ್ಯಾಮಪ್ಪನಿಗೂ ಶಾಲ್ಮಲಾಳಿಗೂ ಸನ್ಮಾನ. ಕಡೆಯ ಜೋಡಿಯಲ್ಲಿ ದ್ಯಾಮಪ್ಪನ ಶಿಷ್ಯನೇ ಎದುರಾಳಿಯನ್ನು ಚಿತ್ ಮಾಡಿ, ಓಡಿಬಂದು ಉಸ್ತಾದನ ಪಕ್ಕೆಯನ್ನು ಬಿಗಿದಪ್ಪಿಕೊಂಡ. ಒಂದು ಕಾಲಕ್ಕೆ ಚಹಾದಂಗಡಿಯಲ್ಲಿ ನಕ್ಕವರೇ ಎದ್ದುನಿಂತು ಸಿಳ್ಳೆ ಹೊಡೆದರು. ಹೊತ್ತು ಮುಳುಗಿತ್ತು. ದ್ಯಾಮಪ್ಪ ಮೈಸೂರು ಪೇಟ ಸುತ್ತಿಕೊಂಡು ವೇದಿಕೆಯ ಮೇಲೆ ಮಾತಾಡಲು ನಿಂತ. ಅಷ್ಟರಲ್ಲಿ ಕರೆಂಟ್ ಹೋಯಿತು. ವಿಜ್ಞಾನ ಎಷ್ಟೇ ಮುಂದುವರಿದರೂ ಸಭೆಯ ನಡುವೆ ಕರೆಂಟ್ ಹೋಗುವುದನ್ನು ತಪ್ಪಿಸಲು ಯಾರಿಗೂ ಆಗಿರಲಿಲ್ಲ.

ಮೈದಾನ ಒಮ್ಮೆ ಹೋ ಎಂದು, ಆಮೇಲೆ ನಿಧಾನವಾಗಿ ಸುಮ್ಮನಾಯಿತು.

ಕತ್ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಹಸಿರು ಬೆಳಕು ಮೂಡುತ್ತಿತ್ತು. ತೆಳ್ಳನೆಯ ಅಂಗಿಗಳೊಳಗಿಂದ, ಸೆರಗಿನ ಅಂಚಿನಿಂದ, ಹಣೆಗಳ ಮೇಲೆ, ಮೊಣಕಾಲುಗಳ ಮೇಲೆ, ಕುತ್ತಿಗೆಗಳ ಮೇಲೆ. ನೂರಾರು. ಸಿಳ್ಳೆ ಹೊಡೆದ ಗಟ್ಟಿಗರ ಸೊಂಟಗಳು ಹೊಳೆದವು. ಇನಾಮದಾರರ ಎರಡೂ ಮಂಡಿಗಳು ಹೊಳೆದವು. ಅವರು ಧೋತರ ಎಳೆದು ಮುಚ್ಚಿಕೊಳ್ಳಲು ನೋಡಿದರು. "ಏ, ನಿನಗೂ ಐತೇನೋ?" ಎಂದು ಒಬ್ಬ ಕೇಳಿದ. "ಹೇಳೇ ಇಲ್ಲಲ್ಲೋ ಮಗನ!" ಎಂದು ಇನ್ನೊಬ್ಬ. ಯಾರೋ ಎದ್ದು, ಮೊಣಕಾಲು ಹೊಳೆಯುತ್ತಿದ್ದ ಮುದುಕನಿಗೆ ತನ್ನ ಕುರ್ಚಿ ಕೊಟ್ಟ. ಪಕ್ಕದಲ್ಲಿ ಕೂತವರು ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದವರನ್ನು ಅಂದು ಮೊದಲ ಸಲ ನೋಡಿದಂತೆ ನೋಡಿದರು. ಇಂಥದ್ದೊಂದು ಆಗಬಹುದೆಂದು ಶಾಲ್ಮಲಾಳ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು.

ದ್ಯಾಮಪ್ಪ ಹೆಮ್ಮೆಯಿಂದ ಮೈದಾನವನ್ನೆಲ್ಲ ನೋಡುತ್ತ ಬಂದವನು, ಮುಂದಿನ ಸಾಲಿನ ಹೆಂಗಸರ ಕಡೆ ಬಂದು ತಡೆದ. ಅಲ್ಲಿ ಯಾರೋ ಹಸಿರು ಬಳೆ ತೊಟ್ಟಂತೆ ಎರಡು ಮಣಿಕಟ್ಟುಗಳು ಹೊಳೆಯುತ್ತಿದ್ದವು. ಬೆಳಕು ಮಣಿಕಟ್ಟಿನಿಂದ ಅಂಗೈಗೆ ಇಳಿದಿತ್ತು, ತೋಳಿನಗುಂಟ ಮೇಲೇರಿ ಬಲಹೆಗಲವರೆಗೆ ಹೋಗಿತ್ತು. ಇಡೀ ಮೈದಾನದಲ್ಲಿ ಅಷ್ಟು ದಟ್ಟವಾದ ಬೆಳಕು ಇನ್ನೊಂದಿರಲಿಲ್ಲ. ಆ ಕೈಗಳು ಕೈಚೀಲವೊಂದನ್ನು ಬಲದಿಂದ ಎಡಕ್ಕೆ ಬದಲಿಸಿ, ಸೆರಗಿನೊಳಗೆ ಸರಿದವು. ಕಂಡದ್ದು ಸಾವಂತ್ರವ್ವನ ಕೈ ಎಂದು ಅವನಿಗೆ ತಿಳಿಯಿತು.

ಕರೆಂಟ್ ಬಂತು. ಜನ ಕಾಯುತ್ತಿದ್ದರು. ದ್ಯಾಮಪ್ಪ ಭಾಷಣ ಬಿಟ್ಟು, ಕೈ ಮುಗಿದು ಕೆಳಗಿಳಿದ.

ಮನೆಗೆ ಬಂದವನೇ ಪೇಟ ತೆಗೆದಿಟ್ಟು, ಅಡುಗೆಮನೆಯ ಹೊಸ್ತಿಲಲ್ಲಿ ಕೂತ.

"ನಿನಗ ಕೈ ನೋವು ಐತೇನು?"

"ಆರಾಮ ಅದೀನ್ರಿ," ಎಂದಳು ಸಾವಂತ್ರವ್ವ, ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತ. "ನಿಮ್ಮ ಡಬ್ಬಿಯಾಗಿಂದು ಒಂದಿಷ್ಟು ಹಚ್ಚಿಕೊಂಡಿದ್ನಿ. ಅದಕ್ಕs ಲಗೂನ ಮುಗೀತಿತ್ತು. ರಾತ್ರಿ ನಿಮಗ ಕಾಣಬಾರದಂತ ಕೈಗೆ ಸೆರಗು ಸುತ್ತಿಕೊಂಡು ಮಲಗತಿದ್ನಿ. ಕಂಪನಿಯವರನ್ನ ಬೈಬ್ಯಾಡ್ರಿ."

ಆರಾಮ ಎಂಬ ಉತ್ತರಕ್ಕೆ ಎಷ್ಟು ಬೆಲೆಯೆಂಬುದನ್ನು ದ್ಯಾಮಪ್ಪನಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವನಿಗೆ ಡಾಕ್ಟರವ್ವನ ಪ್ರಶ್ನೆ ನೆನಪಾಯಿತು. ಮೇಜಿನ ಮುಂದೆ ಕೂತು ಅವಳು ಒಬ್ಬೊಬ್ಬರಿಗೂ ಕೇಳಿದ್ದ ಪ್ರಶ್ನೆ. ಅದು ಎಂದೂ ಸೋತಿರಲಿಲ್ಲ.

"ಹಂಗಲ್ಲ. ನೋವಿನ ಸಲುವಾಗಿ ನೀ ಏನು ಮಾಡೂದು ಬಿಟ್ಟಿದ್ದಿ, ಅದನ್ನ ಹೇಳು."

ಸಾವಂತ್ರವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಯಾರೂ ಕೇಳದಿದ್ದ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಲ್ಲ.

"ಏನೂ ಬಿಟ್ಟಿಲ್ಲಲ್ರಿ," ಎಂದಳು ಕಡೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಬಿಡಾಕ ಹೆಂಗ ಬರ್ತದ? ನೀವು ಅಂಗಿ ಬಿಟ್ರಿ, ಕುಸ್ತಿ ಬಿಟ್ರಿ. ನಾ ರೊಟ್ಟಿ ಬಡಿಯೂದು ಬಿಟ್ರ ಹೆಂಗಾಗ್ತಿತ್ತು?"

ಡಾಕ್ಟರವ್ವನ ಪ್ರಶ್ನೆ ಅಂದು ಮೊದಲ ಸಲ ಸೋತಿತು. ಪಟ್ಟು ಹಾಕಲು ಬಂದವನೇ ಚಿತ್ತಾಗಿ ಬಿದ್ದಿದ್ದ. ಆರು ತಿಂಗಳು ತನ್ನನ್ನು ಯಾರೂ ನಂಬಲಿಲ್ಲವೆಂದು ಒಳಗೊಳಗೇ ಕುದಿದಿದ್ದ ದ್ಯಾಮಪ್ಪ, ಅಷ್ಟೂ ದಿನ ಎರಡು ಹೊತ್ತು ಆ ಕೈಯ ರೊಟ್ಟಿಯನ್ನೇ ಉಂಡು ಎದ್ದಿದ್ದ. ಆ ಮುಂಜಾನೆ ತನ್ನ ಬಾಯಿಗೆ ಸಕ್ಕರೆ ಹಾಕಿದ್ದೂ ಅದೇ ಕೈ. ನಾಚಿಕೆಯಿಂದ ಅವನಿಗೆ ತಲೆಯೆತ್ತಲಾಗಲಿಲ್ಲ. ಎದ್ದು ಬಚ್ಚಲಿಗೆ ಹೋಗಿ, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದ.

"ಏಳು. ನೀ ಆಕಡೆ ಕುಂಡ್ರು."

"ಏನ್ರಿ ಇದು! ಯಾರರ ನೋಡಿದ್ರ ನಗತಾರ."

"ಅಂಗಿ ಭಾರ ಆದಾಗ ನಕ್ಕಿದ್ರು, ಈಗೂ ನಗಲಿ."

ಅವನು ಬಿಸಿನೀರು ಹಾಕಿ ಹಿಟ್ಟು ನಾದತೊಡಗಿದ. ಗರಡಿಯ ಮಣ್ಣನ್ನು ಹದ ಮಾಡಿದ ಕೈಗೆ ಹಿಟ್ಟು ನಾದುವುದು ಕಷ್ಟವಾಗಲಿಲ್ಲ. ಉಂಡೆ ಮಾಡಿ, ಹಲಗೆಯ ಮೇಲಿಟ್ಟು ಬಡಿಯಲು ಹೋದಾಗ ಮಾತ್ರ ವಿದ್ಯೆ ಕೈಕೊಟ್ಟಿತು. ಮೊದಲ ರೊಟ್ಟಿ ನಡುವೆ ಹರಿಯಿತು. ಎರಡನೆಯದು ಎತ್ತುವಾಗ ಮೂರು ತುಂಡಾಯಿತು. ಸಾವಂತ್ರವ್ವ ಗೋಡೆಗೆ ಒರಗಿ ಕೂತು, ಕತ್ತಲಲ್ಲಿ ಹೊಳೆದಿದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಮೊದಮೊದಲು ನಗು ತಡೆದುಕೊಂಡಳು, ಆಮೇಲೆ ತಡೆಯಲಾಗಲಿಲ್ಲ.

"ಹೊಡದಾಡಬ್ಯಾಡ್ರಿ ಅದರ ಕೂಡ. ಸಾವಕಾಶ, ಅಂಚಿನಿಂದ ತಿರುವಿಕೋತ ಬಡೀರಿ," ಎಂದಳು ಹೊಸ ಉಸ್ತಾದ.

ಮೂರನೆಯ ರೊಟ್ಟಿ ಹರಿಯದೆ ಹಂಚಿನ ಮೇಲೆ ಬಿತ್ತು. ಆಕಾರ ನೋಡಿದರೆ ಯಾವುದೋ ದೇಶದ ನಕಾಶೆಯಂತಿತ್ತು. ದ್ಯಾಮಪ್ಪ ಅದನ್ನು ಬೇಯಿಸಿ, ಬೆಣ್ಣೆ ಸವರಿ, ತಾಟಿನಲ್ಲಿಟ್ಟು ಹೆಂಡತಿಯ ಮುಂದೆ ಸರಿಸಿದ. ಅವಳು ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು.

"ಹೆಂಗೈತಿ?" ಎಂದು ಕೇಳಿದ, ಸನ್ಮಾನದ ವೇದಿಕೆಯಲ್ಲೂ ಇಲ್ಲದಷ್ಟು ಅಂಜಿಕೆಯಿಂದ.

"ಖರೇ ಹೇಳ್ಲೇನು?"

"ಖರೇನ ಹೇಳು."

"ಹತ್ತರಾಗ ಎರಡು," ಎಂದಳು ಸಾವಂತ್ರವ್ವ, ಮತ್ತು ಇಡೀ ರೊಟ್ಟಿ ಉಂಡಳು.